ಕೆಆರ್‌ಎಸ್‌ನ ಇಟ್ಟಿಗೆ ಪುಡಿ, ಪ್ಲಾಸ್ಟಿಕ್ಕಿನ ಕಲ್ಲು ಪುಡಿ: ಸರ್ ಎಂ.ವಿ. ಬದುಕಿನಿಂದ ‘ಬೆರಕೆ’ಯ ಪಾಠ

ಪ್ರತಿ ವರ್ಷ ಸೆಪ್ಟೆಂಬರ್ 15 ಬಂತೆಂದರೆ ಮೈಸೂರು ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ ಎಲ್ಲರ ಮೊಬೈಲಿಗೂ ಬರುತ್ತದೆ. ಅದರ ಜೊತೆ ಒಂದು ಸಂದೇಶವೂ ಬರುವುದುಂಟು. ಒಂದು ಚೀಲ ಸಿಮೆಂಟ್ ಇಲ್ಲದೆ ಕಟ್ಟಿದ ಕನ್ನಂಬಾಡಿ ಕಟ್ಟೆ ಇಂದಿಗೂ ಗಟ್ಟಿಯಾಗಿದೆ, ಈಗಿನವರು ಸಿಮೆಂಟಿಗೆ ಬೂದಿ, ಪ್ಲಾಸ್ಟಿಕ್ಕಿಗೆ ಕಲ್ಲು ಪುಡಿ ಬೆರೆಸಿ ಮೋಸ ಮಾಡುತ್ತಾರೆ ಎಂಬುದು ಅದರ ಸಾರಾಂಶ.

ಈ ಸಂದೇಶದ ಮೊದಲರ್ಧ ಬಹುಮಟ್ಟಿಗೆ ನಿಜ. ಎರಡನೆಯ ಅರ್ಧವನ್ನು ಆ ಮೊದಲರ್ಧವೇ ಸುಳ್ಳಾಗಿಸುತ್ತದೆ. ಏಕೆಂದರೆ ಕನ್ನಂಬಾಡಿ ಕಟ್ಟೆ ನಿಂತಿರುವುದೂ ಬೆರಕೆಯ ಮೇಲೆಯೇ! ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಗಾರೆ ಅದು. ಹಾಗಾದರೆ ಯಾವ ಬೆರಕೆ ಮೋಸ, ಯಾವ ಬೆರಕೆ ವಿಜ್ಞಾನ? ವಿಶ್ವೇಶ್ವರಯ್ಯನವರ ಬದುಕಿನ ದಾರಿಯಲ್ಲೇ ನಡೆದು ನೋಡೋಣ.

ನಂದಿ ಬೆಟ್ಟದ ಬುಡದ ಹುಡುಗ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಂದಿ ಬೆಟ್ಟದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 1861ರ ಸೆಪ್ಟೆಂಬರ್ 15ರಂದು. 1860 ಎಂದು ಬರೆಯುವವರೂ ಇದ್ದಾರೆ. ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರ ಜಿಲ್ಲೆಯ ಭಾಗ. ಅದು ಸ್ವಂತ ಜಿಲ್ಲೆಯಾಗಿದ್ದು 2007ರಲ್ಲಿ. ತಂದೆ ಮೋಕ್ಷಗುಂಡಂ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ಪ್ರಾಥಮಿಕ ಓದು ಚಿಕ್ಕಬಳ್ಳಾಪುರದಲ್ಲಿ ಆಯಿತು. ಮುಂದಿನ ಓದು ಬೆಂಗಳೂರಿನಲ್ಲಿ.

ನಂದಿ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಸೀಮೆಯವರಿಗೆ ಈ ಲೇಖನದ ವಿಜ್ಞಾನ ಹೊಸದೇನಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡುಮಣ್ಣು ಹಾಸುಗಲ್ಲಿನಂತೆ ತುಂಡು ತುಂಡಾಗಿ ಬಿರಿಯುವುದನ್ನು ನೀವು ನೋಡಿರುತ್ತೀರಿ. ಅದೇ ಮಣ್ಣಿಗೆ ಮರಳು ಸೇರಿಸಿ ಗೋಡೆಗೆ ಮೆತ್ತಿದರೆ ಬಿರುಕು ಕಡಿಮೆ. ಹುಲ್ಲನ್ನು ಕತ್ತರಿಸಿ ಸೇರಿಸಿದರೆ ಇನ್ನೂ ಗಟ್ಟಿ. ಮಣ್ಣು ಒಣಗಿ ಕುಗ್ಗುತ್ತದೆ, ಮರಳು ಕುಗ್ಗುವುದಿಲ್ಲ. ಹುಲ್ಲಿನ ಎಳೆ ಬಿರುಕನ್ನು ಹಿಡಿದು ನಿಲ್ಲಿಸುತ್ತದೆ. ಹಳ್ಳಿಯ ಗೋಡೆಯ ಈ ಲೆಕ್ಕವೇ ಅಣೆಕಟ್ಟೆಯ ಗಾರೆಗೂ ಇಂದಿನ ಪ್ಲಾಸ್ಟಿಕ್ಕಿಗೂ ಅಡಿಪಾಯ.

ಪುಣೆಯಿಂದ ಏಡನ್‌ವರೆಗೆ

1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಅವರದೇ. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಅಲ್ಲಿಂದ ಸುಮಾರು 24 ವರ್ಷ ಅವರ ಕೆಲಸವೆಲ್ಲ ನೀರಿನ ಸುತ್ತಲೇ. ಸಿಂಧ್ ಪ್ರಾಂತ್ಯದ ಸುಕ್ಕೂರ್ ಪಟ್ಟಣಕ್ಕೆ ಕುಡಿಯುವ ನೀರು, ದಖ್ಖನಿನ ಕಾಲುವೆಗಳಿಗೆ ಸರದಿ ಪ್ರಕಾರ ನೀರು ಹಂಚುವ ಬ್ಲಾಕ್ ಪದ್ಧತಿ, ಏಡನ್ ಬಂದರಿನ ನೀರು ಮತ್ತು ಚರಂಡಿ ಯೋಜನೆ ಹೀಗೆ. ಪುಣೆ ಬಳಿಯ ಖಡಕ್ವಾಸ್ಲಾ ಜಲಾಶಯದಲ್ಲಿ, ನೀರು ಒಂದು ಮಟ್ಟ ಮೀರಿದರೆ ತಾವೇ ತೆರೆದುಕೊಳ್ಳುವ ಗೇಟುಗಳನ್ನು ಕೂರಿಸಿದರು. ಈ ಗೇಟಿಗೆ ಪೇಟೆಂಟ್ ಕೂಡ ಸಿಕ್ಕಿತು.

1908ರಲ್ಲಿ ಮುಂಬಯಿ ಸರ್ಕಾರದ ನೌಕರಿ ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ಮುಳುಗಿಸಿತು. ಸಾವಿರಾರು ಜನ ಸತ್ತರು. ಮುಂದೆ ಹೀಗಾಗದಂತೆ ಏನು ಮಾಡಬೇಕೆಂದು ಹೇಳಲು ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಯಿತು. ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹ ತಡೆಯುವ ಯೋಜನೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹೀಗೆ.

ಕನ್ನಂಬಾಡಿ: ಹಣವಿಲ್ಲ, ಸಿಮೆಂಟ್ ದುಬಾರಿ

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಬಂದರು. ಶಿವನಸಮುದ್ರದ ವಿದ್ಯುತ್ 1902ರಿಂದ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿತ್ತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಇತ್ತ ಮಂಡ್ಯದ ಹೊಲಗಳು ಮಳೆಯನ್ನೇ ನಂಬಿಕೊಂಡಿದ್ದವು. ಎರಡಕ್ಕೂ ಪರಿಹಾರವಾಗಿ ಕನ್ನಂಬಾಡಿಯಲ್ಲಿ ದೊಡ್ಡ ಕಟ್ಟೆಯ ಯೋಜನೆ ಸಿದ್ಧವಾಯಿತು.

ಇಷ್ಟು ಹಣ ಎಲ್ಲಿಂದ ಎಂದು ಸಂಸ್ಥಾನದ ಹಣಕಾಸು ಇಲಾಖೆಯೇ ವಿರೋಧಿಸಿತು. ಕೊನೆಗೆ 1911ರ ಅಕ್ಟೋಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸುಮಾರು 81 ಲಕ್ಷ ರೂಪಾಯಿಗೆ ಒಪ್ಪಿಗೆ ಕೊಟ್ಟರು. ಮದ್ರಾಸ್ ಸರ್ಕಾರದ ತಕರಾರು ಬೇರೆ. ಮೊದಲಿಗೆ 11 ಟಿಎಂಸಿ ನೀರು ನಿಲ್ಲಿಸಲು ಮಾತ್ರ ಒಪ್ಪಿಗೆ ಸಿಕ್ಕಿತು. ಆದರೂ ಮೈಸೂರು ಸರ್ಕಾರ ಮುಂದಿನ ದೊಡ್ಡ ಕಟ್ಟೆಯನ್ನು ಹೊರುವಂಥ ಅಡಿಪಾಯವನ್ನೇ ಹಾಕಿತು. ಆ ಜಗಳ ಒಂದು ಹಂತಕ್ಕೆ ಬಂದದ್ದು 1924ರ ಒಪ್ಪಂದದಲ್ಲಿ.

ಇನ್ನು ಸಾಮಗ್ರಿಯ ಪ್ರಶ್ನೆ. ಗುಜರಾತಿನ ಪೋರಬಂದರಿನ ಕಾರ್ಖಾನೆ ಸಿಮೆಂಟ್ ತಯಾರಿಸತೊಡಗಿದ್ದು 1914ರಲ್ಲಿ. ಕನ್ನಂಬಾಡಿ ಕೆಲಸ ಶುರುವಾದಾಗ ಸಿಮೆಂಟ್ ಎಂದರೆ ಬಹುಪಾಲು ಹಡಗಿನಲ್ಲಿ ಬರುವ ದುಬಾರಿ ಸರಕು. ಕಲ್ಲು, ಸುಣ್ಣ, ಮಣ್ಣು ಮಾತ್ರ ನಮ್ಮಲ್ಲೇ ಬೇಕಾದಷ್ಟಿತ್ತು. ಹಾಗಾಗಿ ಕಟ್ಟೆಯ ಕಲ್ಲುಗಳನ್ನು ಬೆಸೆಯಲು ಮುಖ್ಯವಾಗಿ ಬಳಕೆಯಾದದ್ದು ಸುರ್ಕಿ ಗಾರೆ.

ಸುರ್ಕಿ ಏನು ಮಾಡುತ್ತದೆ?

ಸುರ್ಕಿ ಎಂದರೆ ಸುಟ್ಟ ಜೇಡಿಮಣ್ಣಿನ ಅಥವಾ ಇಟ್ಟಿಗೆಯ ನಯವಾದ ಪುಡಿ. ಬರೀ ಸುಣ್ಣದ ಗಾರೆ ಗಟ್ಟಿಯಾಗಬೇಕಾದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕು. ಮನೆಯ ಗೋಡೆಗೆ ಅದು ಸಾಕು. ಹತ್ತಾರು ಅಡಿ ದಪ್ಪದ ಕಟ್ಟೆಯ ಹೊಟ್ಟೆಯೊಳಗೆ, ಅದೂ ನೀರಿನ ಪಕ್ಕ, ಗಾಳಿ ಎಲ್ಲಿಂದ ಬರಬೇಕು? ಬರೀ ಸುಣ್ಣ ಅಲ್ಲಿ ವರ್ಷಗಟ್ಟಲೆ ಮೆತ್ತಗೇ ಉಳಿಯುತ್ತದೆ.

ಜೇಡಿಮಣ್ಣನ್ನು ಹದವಾಗಿ ಸುಟ್ಟಾಗ ಅದರೊಳಗಿನ ಸಿಲಿಕಾ ಮತ್ತು ಅಲ್ಯುಮಿನಾ ರಾಸಾಯನಿಕವಾಗಿ ಚುರುಕಾಗುತ್ತವೆ. ಅಂಥ ಪುಡಿಯನ್ನು ಸುಣ್ಣ ಮತ್ತು ನೀರಿನ ಜೊತೆ ಅರೆದರೆ ಸಿಮೆಂಟಿನಲ್ಲಿ ಇರುವಂಥದ್ದೇ ಅಂಟು ಹುಟ್ಟುತ್ತದೆ. ಅದು ಗಾಳಿಯಿಲ್ಲದೆ, ನೀರಿನಡಿಯಲ್ಲೂ ಗಟ್ಟಿಯಾಗುತ್ತದೆ. ಹಳೇ ರೋಮಿನ ಜನ ಜ್ವಾಲಾಮುಖಿಯ ಬೂದಿಯಿಂದ ಮಾಡಿದ್ದು ಇದನ್ನೇ. ಹದ ತಪ್ಪಿದರೆ ಕೆಲಸ ಕೆಟ್ಟಿತು. ಅತಿಯಾಗಿ ಸುಟ್ಟು ಕರಕಲಾದ ಇಟ್ಟಿಗೆಯ ಪುಡಿಗೆ ಆ ಚುರುಕು ಇರುವುದಿಲ್ಲ. ದಪ್ಪ ಪುಡಿಯಾದರೆ ಮರಳಿನಂತೆ ಸುಮ್ಮನೆ ಕೂರುತ್ತದೆ.

ಮೊಟ್ಟೆ, ಬೆಲ್ಲ ಹಾಕಿದ್ದಕ್ಕೇ ಕಟ್ಟೆ ನಿಂತಿದೆ ಎಂಬ ಮಾತೂ ಓಡಾಡುತ್ತದೆ. ಹಳೇ ಮನೆ, ದೇವಸ್ಥಾನಗಳ ಗಾರೆಯಲ್ಲಿ ಬೆಲ್ಲ, ಅಳಲೆಕಾಯಿ ನೀರು ಬಳಸುವ ರೂಢಿ ಇದ್ದದ್ದು ನಿಜ. ಆದರೆ ಕನ್ನಂಬಾಡಿಯ ಬಲ ಎರಡರಲ್ಲಿದೆ: ನೀರಿನ ಒತ್ತಡವನ್ನು ತನ್ನ ತೂಕದಿಂದಲೇ ತಡೆಯುವ ಕಲ್ಲಿನ ರಾಶಿ, ಆ ಕಲ್ಲುಗಳ ಸಂದಿನಲ್ಲಿ ಗಟ್ಟಿಯಾದ ಸುಣ್ಣ-ಸುರ್ಕಿ.

ಒಬ್ಬರೇ ಕಟ್ಟಿದ್ದಲ್ಲ, ದುರಸ್ತಿ ಇಲ್ಲದೆ ನಿಂತಿದ್ದೂ ಅಲ್ಲ

1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಮೈಸೂರು ಬ್ಯಾಂಕ್ 1913ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಬಂದವು. 1918ರ ಕೊನೆಗೆ ದಿವಾನಗಿರಿ ಬಿಟ್ಟರು. ಕಟ್ಟೆ ಪೂರ್ತಿಯಾದದ್ದು ಸುಮಾರು 1932ರ ಹೊತ್ತಿಗೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಅಷ್ಟರಲ್ಲಿ ಹಲವು ಎಂಜಿನಿಯರುಗಳು, ಸಾವಿರಾರು ಕೂಲಿಕಾರರು ಅಲ್ಲಿ ದುಡಿದಿದ್ದರು. ಹಲವು ಹಳ್ಳಿಗಳು ಮುಳುಗಿ ಜನ ಊರು ಬಿಟ್ಟಿದ್ದರು. ಫಾರ್ವರ್ಡುಗಳಲ್ಲಿ ಇವರ ನೆನಪು ಬರುವುದೇ ಇಲ್ಲ.

ಕಟ್ಟೆಯನ್ನು ಕಟ್ಟಿ ಹಾಗೇ ಬಿಟ್ಟಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ. ಈಚಿನ ವರ್ಷಗಳಲ್ಲಿ ಹಳೇ ಗೇಟುಗಳನ್ನು ಬದಲಿಸಿದ್ದಾರೆ, ಕಲ್ಲಿನ ಸಂದುಗಳ ದುರಸ್ತಿಯೂ ನಡೆದಿದೆ. ಸುರ್ಕಿ ಅಮರವಾದದ್ದೇನಲ್ಲ. ಒಳ್ಳೆಯ ವಿನ್ಯಾಸದ ಜೊತೆ ನಿತ್ಯದ ಕಾಳಜಿಯೂ ಸೇರಿದ್ದರಿಂದ ಕಟ್ಟೆ ನಿಂತಿದೆ.

ಹಾಗಾದರೆ ಸಿಮೆಂಟಿನ ಬೂದಿ?

ಈಗ ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟಿನ ಚೀಲ ನೋಡಿ. ಅದರಲ್ಲಿ ಹಾರುಬೂದಿ ಇರುತ್ತದೆ. ಐಎಸ್ 1489 ಎಂಬ ಭಾರತೀಯ ಮಾನದಂಡವೇ 15ರಿಂದ 35 ಶೇಕಡಾ ಹಾರುಬೂದಿಗೆ ಅವಕಾಶ ಕೊಟ್ಟಿದೆ. ಉಷ್ಣವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದಾಗ ಅದರಲ್ಲಿನ ಮಣ್ಣಿನ ಅಂಶ ಸುಟ್ಟು ಸಿಗುವ ನಯವಾದ ಪುಡಿ ಇದು. ಸಿಮೆಂಟ್ ಗಟ್ಟಿಯಾಗುವಾಗ ಬಿಡುವ ಸುಣ್ಣವನ್ನು ಹಿಡಿದು ಇನ್ನಷ್ಟು ಅಂಟು ಕಟ್ಟುತ್ತದೆ. ಅಂದರೆ ಹಾರುಬೂದಿ ಸುರ್ಕಿಯ ಮೊಮ್ಮಗ ಇದ್ದಂತೆ!

ಪಿಪಿಸಿ ಮೊದಲ ದಿನಗಳಲ್ಲಿ ಸ್ವಲ್ಪ ನಿಧಾನವಾಗಿ ಬಲ ಪಡೆಯುತ್ತದೆ. ಆದ್ದರಿಂದ ಕ್ಯೂರಿಂಗ್ ಅಂದರೆ ನೀರುಣಿಸುವುದನ್ನು ಬೇಗ ನಿಲ್ಲಿಸಬಾರದು. ನೀರುಣಿಸದೆ ಗೋಡೆ ಬಿರುಕು ಬಿಟ್ಟರೆ ಅದಕ್ಕೆ ಬೂದಿಯನ್ನು ದೂರುವುದು ತಪ್ಪು.

ಟೆರಿಕಾಟ್ ಅಂಗಿಯಿಂದ ಕಾರಿನ ಕನೆಕ್ಟರ್‌ವರೆಗೆ

ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ಸುಮ್ಮನೆ ಕೂರಲಿಲ್ಲ. 1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ದೇಶದ ಆರ್ಥಿಕ ಯೋಜನೆಯ ಬಗ್ಗೆ 1934ರಲ್ಲಿ ಪುಸ್ತಕ ಬರೆದರು. ನಮ್ಮ ಕಚ್ಚಾ ಸಾಮಗ್ರಿಯಿಂದ ನಾವೇ ಸರಕು ತಯಾರಿಸಬೇಕು ಎಂಬುದು ಅವರ ಜೀವನದುದ್ದಕ್ಕೂ ಇದ್ದ ಹಟ.

ಅವರು 80ರ ಹೊಸ್ತಿಲಲ್ಲಿದ್ದಾಗ, 1941ರಲ್ಲಿ, ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಪಿಇಟಿ ಎಂಬ ಪಾಲಿಯೆಸ್ಟರ್ ಕಂಡುಹಿಡಿದರು. ಟೆರಿಲೀನ್ ನೂಲು, ಟೆರಿಕಾಟ್ ಅಂಗಿ, ಇಂದಿನ ನೀರಿನ ಬಾಟಲಿ ಎಲ್ಲಕ್ಕೂ ಮೂಲ ಇದೇ. ಅದರ ತಮ್ಮನಂತಿರುವ ಪಿಬಿಟಿ 1970ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಕಾರಿನ ವಯರ್ ಕನೆಕ್ಟರ್, ಎಲ್‌ಇಡಿ ಬಲ್ಬಿನ ಭಾಗ, ಕೀಬೋರ್ಡಿನ ಕೀಲಿಗಳಲ್ಲಿ ಇದು ಇರುತ್ತದೆ. ಎರಡೂ ಕಾಯಿಸಿದರೆ ಕರಗಿ, ತಣಿದರೆ ಮತ್ತೆ ಗಟ್ಟಿಯಾಗುವ ಜಾತಿಯ ಪ್ಲಾಸ್ಟಿಕ್. ಇಂಥ ಪಾಲಿಯೆಸ್ಟರಿಗೆ ಖನಿಜದ ಪುಡಿ ಏಕೆ ಸೇರಿಸುತ್ತಾರೆ?

ಬಿಗಿತ: ಪ್ಲಾಸ್ಟಿಕ್ ಎಳೆದರೆ ಹಿಗ್ಗುತ್ತದೆ, ಕಲ್ಲು ಹಿಗ್ಗುವುದಿಲ್ಲ. ಟಾಲ್ಕ್ ಅಂದರೆ ಬಳಪದ ಕಲ್ಲಿನ ಪುಡಿ, ಅಭ್ರಕ, ಗಾಜಿನ ಎಳೆ ಸೇರಿಸಿದರೆ ಹೊರೆಯ ಒಂದು ಪಾಲನ್ನು ಅವು ಹೊರುತ್ತವೆ. ಅದೇ ದಪ್ಪದ ತುಂಡು ಕಡಿಮೆ ಬಾಗುತ್ತದೆ.

ಬಿಸಿ ತಡೆಯುವ ಶಕ್ತಿ: ಏನೂ ಬೆರೆಸದ ಪಿಬಿಟಿ ಸುಮಾರು 225 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೆ ಹೆಚ್ಚು ಹೊರೆಯಿಟ್ಟು ಪರೀಕ್ಷಿಸಿದರೆ 60 ಡಿಗ್ರಿ ಆಸುಪಾಸಿನಲ್ಲೇ ಬಾಗತೊಡಗುತ್ತದೆ. ಅದಕ್ಕೆ 30 ಶೇಕಡಾ ಗಾಜಿನ ಎಳೆ ಸೇರಿಸಿದರೆ ಅದೇ ಪರೀಕ್ಷೆಯಲ್ಲಿ ಸುಮಾರು 200 ಡಿಗ್ರಿವರೆಗೆ ತಡೆಯುತ್ತದೆ. ಎಂಜಿನ್ ಪಕ್ಕದ ಕನೆಕ್ಟರ್ ಸೊಟ್ಟಗಾಗದೆ ಉಳಿಯುವುದರ ಗುಟ್ಟು ಇದು.

ಕುಗ್ಗುವಿಕೆ: ಅಚ್ಚಿನಲ್ಲಿ ತಣಿಯುವಾಗ ಬರೀ ಪಿಬಿಟಿ ಸುಮಾರು 2 ಶೇಕಡಾವರೆಗೆ ಕುಗ್ಗುತ್ತದೆ. ಕೆರೆಯ ಗೋಡುಮಣ್ಣನ್ನು ನೆನಪಿಸಿಕೊಳ್ಳಿ. ಕುಗ್ಗದ ಪುಡಿ ಸೇರಿಸಿದಷ್ಟೂ ಒಟ್ಟು ಕುಗ್ಗುವಿಕೆ ಇಳಿಯುತ್ತದೆ, ಅಳತೆ ಸರಿಯಾಗಿ ಕೂರುತ್ತದೆ.

ಆಕಾರದ ಮಹತ್ವ: ಗಾಜಿನ ಎಳೆ ಬಲ ಕೊಡುತ್ತದೆ. ಆದರೆ ಎಳೆಗಳು ಪ್ಲಾಸ್ಟಿಕ್ ಹರಿದ ದಿಕ್ಕಿಗೇ ಮಲಗುವುದರಿಂದ ಉದ್ದಕ್ಕೆ ಕಡಿಮೆ, ಅಡ್ಡಕ್ಕೆ ಹೆಚ್ಚು ಕುಗ್ಗಿ ತುಂಡು ತಿರುಚಿಕೊಳ್ಳಬಹುದು. ಚಪ್ಪಟೆ ಹಾಳೆಯಂಥ ಅಭ್ರಕ ಎರಡೂ ದಿಕ್ಕಿಗೆ ಹೆಚ್ಚು ಸಮವಾಗಿ ಹಿಡಿದಿಡುತ್ತದೆ. ಅದಕ್ಕೇ ಎಷ್ಟೋ ಸಲ ಎರಡನ್ನೂ ಸೇರಿಸುತ್ತಾರೆ.

ಹರಳುಗಟ್ಟುವ ವೇಗ: ಕಲ್ಲುಸಕ್ಕರೆ ಮಾಡುವಾಗ ಪಾಕದಲ್ಲಿ ದಾರ ಇಳಿಬಿಟ್ಟರೆ ಹರಳು ಅದರ ಸುತ್ತ ಬೆಳೆಯುತ್ತದೆ. ನಯವಾದ ಟಾಲ್ಕ್ ಕಣ ಪಿಇಟಿಯೊಳಗೆ ಆ ದಾರದ ಕೆಲಸ ಮಾಡುತ್ತದೆ. ನಿಧಾನವಾಗಿ ಹರಳುಗಟ್ಟುವ ಪಿಇಟಿ ಆಗ ಬೇಗ ಹರಳುಗಟ್ಟುತ್ತದೆ.

ಸುರ್ಕಿಗೂ ಇದಕ್ಕೂ ಇರುವ ವ್ಯತ್ಯಾಸ

ಇಲ್ಲೊಂದು ಎಚ್ಚರ ಬೇಕು. ಸುರ್ಕಿ ಸುಣ್ಣದ ಜೊತೆ ರಾಸಾಯನಿಕವಾಗಿ ಬೆರೆತು ಹೊಸ ವಸ್ತುವೇ ಆಗುತ್ತದೆ. ಪಾಲಿಯೆಸ್ಟರಿನಲ್ಲಿ ಕಲ್ಲಿನ ಪುಡಿ ಬಹುಮಟ್ಟಿಗೆ ಪುಡಿಯಾಗಿಯೇ ಉಳಿಯುತ್ತದೆ. ಕಲ್ಲಿಗೂ ಪ್ಲಾಸ್ಟಿಕ್ಕಿಗೂ ತಾನಾಗಿ ಗಟ್ಟಿ ನಂಟು ಬೆಳೆಯುವುದಿಲ್ಲ. ಅದಕ್ಕಾಗಿ ಪುಡಿಗೆ ಅಥವಾ ಗಾಜಿನ ಎಳೆಗೆ ಸಿಲೇನ್ ಎಂಬ ರಾಸಾಯನಿಕದ ತೆಳು ಲೇಪ ಕೊಡುತ್ತಾರೆ. ಅದರ ಒಂದು ತುದಿ ಖನಿಜವನ್ನು, ಇನ್ನೊಂದು ತುದಿ ಪ್ಲಾಸ್ಟಿಕ್ಕನ್ನು ಹಿಡಿಯುತ್ತದೆ. ಈ ಹಿಡಿತ ಇಲ್ಲದಿದ್ದರೆ ಒಂದೊಂದು ಕಣವೂ ಬಿರುಕು ಹುಟ್ಟುವ ಜಾಗವಾಗುತ್ತದೆ.

ಲಾಭಕ್ಕೆ ಬೆಲೆಯೂ ಇದೆ. ಪುಡಿ ಹೆಚ್ಚಿದಷ್ಟೂ ವಸ್ತು ಭಾರವಾಗುತ್ತದೆ. ಬಿಗಿತ ಏರಿದರೂ ಪೆಟ್ಟು ತಡೆಯುವ ಗುಣ ಸಾಮಾನ್ಯವಾಗಿ ಇಳಿಯುತ್ತದೆ. ಬಾಗುವ ಬದಲು ಮುರಿಯುತ್ತದೆ. ತೇವ ಇನ್ನೊಂದು ಶತ್ರು. ಪಾಲಿಯೆಸ್ಟರನ್ನು ಕರಗಿಸುವಾಗ ಅದರಲ್ಲಾಗಲಿ ಪುಡಿಯಲ್ಲಾಗಲಿ ನೀರಿನಂಶ ಉಳಿದಿದ್ದರೆ ಉದ್ದನೆಯ ಅಣು ಸರಪಳಿಗಳು ತುಂಡಾಗುತ್ತವೆ. ಅದಕ್ಕೇ ಕಾರ್ಖಾನೆಯಲ್ಲಿ ಮೊದಲು ಚೆನ್ನಾಗಿ ಒಣಗಿಸುತ್ತಾರೆ.

ಮೋಸ ಆಗುವುದೇ ಇಲ್ಲ ಎಂದೂ ಅಲ್ಲ. ಪ್ಲಾಸ್ಟಿಕ್ಕಿಗಿಂತ ಕಲ್ಲು ಪುಡಿ ಅಗ್ಗ. ತೂಕ ತೋರಿಸಲು, ಖರ್ಚು ಉಳಿಸಲು ಲೇಪವಿಲ್ಲದ ಪುಡಿಯನ್ನು ಅಳತೆ ಮೀರಿ ತುಂಬಿದರೆ ಬಕೆಟ್ಟಿನ ಕಿವಿ ಕಿತ್ತು ಬರುತ್ತದೆ, ಸ್ವಿಚ್ಚಿನ ಕವಚ ಬಿರುಕು ಬಿಡುತ್ತದೆ. ಕರಕಲು ಇಟ್ಟಿಗೆಯ ಪುಡಿಯನ್ನು ಸುರ್ಕಿ ಎಂದು ಮಾರಿದರೆ ಹೇಗೋ ಇದೂ ಹಾಗೇ. ಬೆರೆಸಿದ ವಸ್ತು ಯಾವುದು, ಎಷ್ಟು, ಯಾವ ಕೆಲಸಕ್ಕೆ ಎಂಬುದನ್ನು ಮುಚ್ಚಿಟ್ಟರೆ ಅದು ಮೋಸ. ತಿಳಿದು, ಅಳೆದು, ಬಹಿರಂಗವಾಗಿ ಬೆರೆಸಿದರೆ ಅದು ಎಂಜಿನಿಯರಿಂಗ್.

ನೀವು ಪರೀಕ್ಷಿಸುವುದು ಹೇಗೆ?

- ನೀರಿಗೆ ಹಾಕಿ ನೋಡುವ ಪರೀಕ್ಷೆಯನ್ನು ನಂಬಬೇಡಿ. ಪಿಇಟಿ ಬಾಟಲಿಯ ತುಂಡು ಏನೂ ಬೆರೆಸದಿದ್ದರೂ ಮುಳುಗುತ್ತದೆ. ಪಾಲಿಪ್ರೊಪಿಲೀನ್ ತಾನಾಗಿಯೇ ತೇಲುತ್ತದೆ. ಇದರಿಂದ ಗುಣಮಟ್ಟ ತಿಳಿಯದು.
- ಕಾರು, ಉಪಕರಣಗಳ ಪ್ಲಾಸ್ಟಿಕ್ ಭಾಗದ ಹಿಂದೆ ಗುರುತು ಹುಡುಕಿ. ಪಿಬಿಟಿ-ಜಿಎಫ್30 ಎಂದಿದ್ದರೆ 30 ಶೇಕಡಾ ಗಾಜಿನ ಎಳೆ. ಪಿಪಿ-ಟಿಡಿ20 ಎಂದಿದ್ದರೆ 20 ಶೇಕಡಾ ಟಾಲ್ಕ್ ಪುಡಿ. ತಯಾರಕರೇ ಬರೆದು ತಿಳಿಸಿರುತ್ತಾರೆ.
- ಸ್ವಿಚ್, ಪ್ಲಗ್‌ಗಳಿಗೆ ಐಎಸ್‌ಐ ಗುರುತು ನೋಡಿ ಕೊಳ್ಳಿ. ಸಿಮೆಂಟ್ ಚೀಲದ ಮೇಲೆ ಪಿಪಿಸಿ ಎಂದಿದ್ದರೆ ಹೆದರಬೇಡಿ. ತಯಾರಾದ ವಾರ, ವರ್ಷ ನೋಡಿ.

ಕೊನೆಯದಾಗಿ

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ದಾಟಿ, ಅವರು ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ, ಅವರ ಮನೆ ಈಗ ವಸ್ತುಸಂಗ್ರಹಾಲಯ. ನಂದಿ ಬೆಟ್ಟಕ್ಕೆ ಹೋದವರು ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.

ಅವರ ಹೆಸರಿನಲ್ಲಿ ಬೆರಕೆಯನ್ನೆಲ್ಲ ಬೈಯುವ ಸಂದೇಶ ಮತ್ತೆ ಬಂದರೆ, ಕನ್ನಂಬಾಡಿಯ ಗಾರೆಯಲ್ಲೂ ಇಟ್ಟಿಗೆ ಪುಡಿ ಇತ್ತು ಎಂದು ಕಳಿಸಿದವರಿಗೆ ತಿಳಿಸಿ. ಏನು ಬೆರೆಸಿದ್ದಾರೆ, ಎಷ್ಟು, ಯಾವುದಕ್ಕಾಗಿ? ಈ ಮೂರು ಪ್ರಶ್ನೆಗೆ ಉತ್ತರ ಇಲ್ಲದ ಸಂದೇಶವನ್ನು ಮುಂದೆ ಕಳಿಸಬೇಡಿ.